ಐದಾಯಳ ತಣ್ಣನೆಯ ಪಾದ

ಮತ್ತಿನ ಗಾಳಿಯ ಮುಖವಾಡವನ್ನು ಮಗುವಿನ ಮೂಗಿನ ಬಳಿ ತಂದ ಅರಿವಳಿಕೆ ವೈದ್ಯೆ ಜಿಪಾರ್ ತಟ್ಟನೆ ಕೈ ಹಿಂದೆಳೆದಳು. ಎಂಟು ವರ್ಷದ ಐದಾಯಳ ಉಸಿರಿನಲ್ಲಿ ಹುಳಿವಾಸನೆ. ಜಿಪಾರ್ ಬಾಗಿಲಾಚೆ ನಿಂತಿದ್ದ ಮಗುವಿನ ಅಜ್ಜಿಯ ಬಳಿಗೆ ಹೋದಳು.

"ಅಪಾ, ಮಗೂಗೆ ಏನು ಕುಡಿಸಿದ್ರಿ?"

"ಏನೂ ಇಲ್ಲಮ್ಮ." ಮುದುಕಿ ತಲೆವಸ್ತ್ರದ ಅಂಚು ಹಿಂಡಿದಳು. "ಒಂದು ಬಟ್ಟಲು ಕುಮಿಸ್, ಅಷ್ಟೆ. ಬರೀ ಹೊಟ್ಟೇಲಿ ಚಾಕು ಕೆಳಗೆ ಕಳಿಸ್ತಾರೇನಮ್ಮ?"

ಈಗ ಮತ್ತು ಬರಿಸಿದರೆ ಆ ಹುಳಿಸಿದ, ತುಸು ಅಮಲಿನ ಕುದುರೆಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಕಾಯುವಂತೆಯೂ ಇಲ್ಲ. ಕುದುರೆಯಿಂದ ಬಿದ್ದು ಮುರಿದ ಮೊಣಕಾಲ ಕೆಳಗಿನ ಮೂಳೆ ರಕ್ತನಾಳವನ್ನು ಒತ್ತಿತ್ತು. ಪಾದ ಬಿಳಿಚಿಕೊಂಡು ತಣ್ಣಗಾಗಿತ್ತು. ತಡವಾದರೆ ಕಾಲೇ ಹೋದೀತು.

"ಕುಮಿಸ್ ಕುಡಿದಿದಾಳೆ ಅಂದ್ರೆ ಅರ್ಧ ಅರಿವಳಿಕೆ ಆಗೇಹೋಯ್ತು ಬಿಡಿ, ಎಜೆ," ಎಂದ ಶಸ್ತ್ರವೈದ್ಯ ಎರ್ಮೆಕ್; ಜಿಪಾರಳನ್ನು ಅವನು ಎಜೆ, ಅಕ್ಕ ಎಂದೇ ಕರೆಯುತ್ತಿದ್ದ. ಯಾರೂ ನಗಲಿಲ್ಲ, ಅವನೂ ಸಹ.

"ಎಚ್ಚರದಲ್ಲೇ ಮಾಡೋಣ. ಕಾಲಿನ ನರಗಳನ್ನಷ್ಟೇ ಮಲಗಿಸ್ತೀನಿ," ಎಂದಳು ಜಿಪಾರ್.

"ಹುಡುಗಿ ಅಲುಗಾಡಿದ್ರೆ?"

ಜಿಪಾರ್ ಅಜ್ಜಿಯನ್ನು ಒಳಗೆ ಕರೆತಂದಳು. ಬೈಯಲಿಲ್ಲ. ಆಕೆಯ ತಲೆವಸ್ತ್ರ ಬಿಚ್ಚಿಸದೆ, ಅದರ ಮೇಲೆಯೇ ಟೋಪಿ ಕಟ್ಟಿದಳು.

ಮುದುಕಿ ಮೊಮ್ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಏ ಕತ್ತೆ, ಕುದುರೆ ಮೇಲೆ ನಿಂತ್ಕೊಂಡಿದ್ಯಂತೆ?"

"ಪೂರ್ತಿ ಇಲ್ಲ, ಅಪಾ. ಅರ್ಧ."

"ಅರ್ಧಕ್ಕೇ ಹೀಗೆ! ಪೂರ್ತಿ ನಿಂತಿದ್ರೆ ನರಿನ್ ನದಿ ಆಚೆ ಬೀಳ್ತಿದ್ದೆ."

ಅಲ್ಟ್ರಾಸೌಂಡ್ ಪರದೆಯ ಮೇಲೆ ನರ ಬೂದುಬಣ್ಣದ ಕಾಳಿನಂತೆ ಕಂಡಿತು. ಜಿಪಾರ್ ತೊಡೆಸಂದಿಗೊಂದು ಸೂಜಿ ಇಳಿಸಿದಳು. ಕಾಲನ್ನು ಮಗ್ಗುಲಾಗಿಸದೆ, ಪಕ್ಕದಿಂದಲೇ ಮೊಣಕಾಲ ಹಿಂದಿನ ನರಕ್ಕೆ ಇನ್ನೊಂದು. ಔಷಧ ಮಗುವಿನ ತೂಕಕ್ಕೆ ತಕ್ಕಷ್ಟೇ. ಮೀರಿದರೆ ಹೃದಯವೇ ನಿಂತೀತು. ಅದಕ್ಕೇ, ಮತ್ತೆ ಬೇಕಾದೀತೆಂದು, ಆ ಅಳತೆಯಲ್ಲೇ ತುಸು ಉಳಿಸಿಕೊಂಡಿದ್ದಳು.

ಸ್ಪಿರಿಟ್ ಹತ್ತಿಯನ್ನು ಕಾಲಿನ ಹೊರಬದಿಗೆ ತಾಕಿಸಿದಳು. "ತಣ್ಣಗಿದೆಯಾ?"

"ಇಲ್ಲ."

ಒಳಬದಿಗೆ ತಾಕಿಸಿದಳು. "ಇಲ್ಲಿ?"

"ಅಯ್ಯೋ, ಹೌದು!"

"ಎಜೆ, ಪಾದ ನೀಲಿಯಾಗ್ತಿದೆ," ಎಂದ ಎರ್ಮೆಕ್. ಕತ್ತಿ ಅವನ ಕೈಯಲ್ಲಿತ್ತು.

"ಇನ್ನೂ ಮುಟ್ಟಬೇಡ."

ಉಳಿಸಿಕೊಂಡ ಔಷಧವನ್ನೆಲ್ಲ ತೊಡೆಸಂದಿಗೇ ಹರಿಸಿದಳು. ಇನ್ನು ಹನಿಯೂ ಕೊಡುವಂತಿರಲಿಲ್ಲ. ಎಲ್ಲರೂ ಕಾದರು. ಕೊನೆಗೆ ಅವಳು ಒಳಬದಿಯನ್ನು ಮತ್ತೆ ಹತ್ತಿಯಿಂದ ಸವರಿದಳು.

"ಈಗ?"

"ಎಲ್ಲಿ, ಮುಟ್ಟೇ ಇಲ್ಲವಲ್ಲ?"

ಎರ್ಮೆಕ್ ಕತ್ತಿಯನ್ನು ಚರ್ಮದೊಳಗೆ ಇಳಿಸಿದ. ಆಮೇಲೆ ಕಾಲನ್ನು ಎಳೆದ, ಮೂಳೆ ಲಟಕ್ ಎಂದಿತು.

"ಅಪಾ, ಯಾರೋ ಸೌದೆ ಮುರೀತಿದಾರೆ."

"ಮುರೀಲಿ, ಚಳಿಗಾಲ ಬರ್ತಿದೆ," ಎಂದಳು ಅಜ್ಜಿ. ಮುಖ ಬೆವತಿತ್ತು, ಕೈ ಕದಲಲಿಲ್ಲ.

ಎರ್ಮೆಕ್ ಪಾದದ ಮೇಲೆ ಬೆರಳಿಟ್ಟು ತಲೆಯಾಡಿಸಿದ: ನಾಡಿ ಇಲ್ಲ. ಇನ್ನೊಮ್ಮೆ ಎಳೆದು, ಬೆರಳಿಟ್ಟು ಹುಡುಕಿದ. ಆಮೇಲೆ ಜಿಪಾರಳತ್ತ ನೋಡಿ ಕಣ್ಣು ಮುಚ್ಚಿ ತೆರೆದ.

ಪಟ್ಟಿ ಕಟ್ಟಿದ ಮೇಲೆ ಜಿಪಾರ್ ಅಜ್ಜಿಯ ಬೆರಳನ್ನು ಹಿಡಿದು ಪಾದದ ಮೇಲಿಟ್ಟಳು.

"ಓಡ್ತಾ ಇದೆ," ಎಂದಳು ಮುದುಕಿ.