ಗೇಣುದ್ದದ ಹೋಸ್ಟಾ

ಮೊಣಕಾಲೆತ್ತರಕ್ಕೆ ಬರಬೇಕಾದ ಗಿಡ ಮೂರು ವರ್ಷವಾದರೂ ಗೇಣುದ್ದ ದಾಟಿರಲಿಲ್ಲ. ನೆರಳಿನಲ್ಲಿ ಅಗಲವಾದ ಎಲೆ ಬಿಡುವ ಹೋಸ್ಟಾ. ಭಾರೀ ಜಾತಿಯಲ್ಲ, ಕುಳ್ಳ ಜಾತಿಯೂ ಅಲ್ಲ, ಮಧ್ಯಮ ಗಾತ್ರದ್ದು. ಅಷ್ಟಾದರೂ ಬೆಳೆಯಬೇಡವೇ? ಅಮ್ಮ ತೀರಿಕೊಂಡ ಮೇಲೆ ಅವಳ ಹಿತ್ತಲಿನ ಒಂದೇ ಬುಡವನ್ನು ಅಕ್ಕತಂಗಿಯರು ಸರಿಪಾಲು ಮಾಡಿಕೊಂಡಿದ್ದರು. ತಂಗಿಯ ಪಾಲು ಬುಟ್ಟಿಯಗಲ ಹರಡಿ ಹೂವನ್ನೂ ಬಿಟ್ಟಿತ್ತು. ಅಕ್ಕನದು ಹಟ ಹಿಡಿದು ಕೂತಿತ್ತು.

"ಈ ಸಲಾನೂ ಹೀಗೇ ಇದ್ರೆ ನನಗೆ ಕೊಟ್ಬಿಡಕ್ಕ. ಅಮ್ಮನ ಗಿಡ ನಿನ್ನ ಹತ್ರ ಸಾಯೋದು ಬೇಡ," ಎಂದು ತಂಗಿ ಹೇಳಿಹೋಗಿದ್ದಳು. ಈ ಭಾನುವಾರ ನೋಡಲು ಬರುವವಳಿದ್ದಳು.

ಅಕ್ಕ ಮಾಡದ ಆರೈಕೆಯಿಲ್ಲ. ಗೋಡೆಯ ನೆರಳಿನಲ್ಲಿ ಮಣ್ಣು ಬದಲಿಸಿದಳು, ಎಲೆಗೊಬ್ಬರ ಹಾಕಿದಳು, ಬಸವನಹುಳುಗಳನ್ನು ಹೆಕ್ಕಿ ಹೆಕ್ಕಿ ಸೊಂಟ ನೋಯಿಸಿಕೊಂಡಳು. ಎಲೆಯಲ್ಲಿ ಒಂದು ತೂತು ಕಂಡರೂ ಅಂದು ಅವಳಿಗೆ ಊಟ ಸೇರುತ್ತಿರಲಿಲ್ಲ. ಮೊದಲ ವರ್ಷ ಕಳೆದ ಮೇಲೆ ತೂತೇ ಇಲ್ಲ, ಬೆಳವಣಿಗೆಯೂ ಇಲ್ಲ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ!

ಭಾನುವಾರ ಎಂದಿಗಿಂತ ಬೇಗ ಎದ್ದು ಹಿತ್ತಲ ಬಾಗಿಲು ತೆಗೆದರೆ, ಗಂಡ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ನಲವತ್ತು ವರ್ಷ ಬಟ್ಟೆ ಹೊಲಿದ ದರ್ಜಿ. ಕೈಯಲ್ಲಿ ಅಂಗಡಿಯ ಕತ್ತರಿ. ಹುಳು ತಿಂದ ಎಲೆಯ ಅಂಚನ್ನು ಕಾಲರ್ ಕತ್ತರಿಸುವಷ್ಟು ನಾಜೂಕಾಗಿ, ಎಲೆಯ ಆಕಾರ ಕೆಡದಂತೆ, ಸುತ್ತ ಕತ್ತರಿಸಿ ಚಿಕ್ಕದು ಮಾಡುತ್ತಿದ್ದ.

"ರೀ! ಏನ್ರೀ ಇದು?"

"ತೂತು ನೋಡಿದ್ರೆ ನೀನು ಊಟ ಬಿಡ್ತೀಯಲ್ಲ. ಅದಕ್ಕೇ ನೀನು ಏಳೋದ್ರೊಳಗೆ ಸರಿ ಮಾಡಿಬಿಡ್ತೀನಿ. ತೀರಾ ಹಾಳಾಗಿದ್ರೆ ಬುಡಕ್ಕೇ ತೆಗೀತೀನಿ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತೇನೋ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವಳ ಮೈಯೆಲ್ಲ ಉರಿದುಹೋಯಿತು. "ಎಲೆಯಿಂದಲೇ ಗಿಡ ಉಣ್ಣೋದು ಕಣ್ರೀ! ತೂತಿದ್ರೂ ಉಣ್ತಿತ್ತು. ನೀವು ತಟ್ಟೇನೇ ಕಿತ್ಕೊಂಡ್ರಿ!"

ಅಷ್ಟರಲ್ಲಿ ತಂಗಿ ಬೆಳ್ಳಂಬೆಳಗ್ಗೆಯೇ ಬಂದೇಬಿಟ್ಟಳು. "ಅಯ್ಯೋ ಅಕ್ಕ, ಇನ್ನೂ ಇಷ್ಟೇನಾ?"

ನಿಜ ಹೇಳಿದರೆ ಗಿಡ ತನ್ನ ಹತ್ತಿರವೇ ಉಳಿಯುತ್ತಿತ್ತು. ಆದರೆ ತಂಗಿಯ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ನೆಂಟರಿಷ್ಟರ ಮನೆಯೆಲ್ಲ ಸುತ್ತುತ್ತಿತ್ತು. ಗಿಡಕ್ಕೆ ಅಂಗಿ ಹೊಲಿಯಲು ಹೋದ ದರ್ಜಿ ಎಂದು ಸಾಯುವವರೆಗೂ ಅವನನ್ನು ಆಡಿಕೊಳ್ಳುತ್ತಿದ್ದರು. ಗಂಡ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದು, ತಾನೇ ಹೇಳಲು ಬಾಯಿ ತೆರೆದ.

"ನೀವು ಸುಮ್ನಿರಿ," ಎಂದು ಅವಳು ಗದರಿದಳು. "ಹುಳ ಕಣೇ. ಏನ್ ಮಾಡಿದ್ರೂ ಹೋಗ್ತಿಲ್ಲ. ತಗೊಂಡು ಹೋಗು."

ತಂಗಿ ಬುಡ ಅಗೆದು ಚೀಲಕ್ಕಿಟ್ಟುಕೊಂಡಳು. "ಬೇಜಾರು ಮಾಡ್ಕೋಬೇಡಕ್ಕ, ನಿನ್ನ ಕೈಗುಣ ಅಷ್ಟೇ."

"ಹೂಂ, ನನ್ನ ಕೈಗುಣಾನೇ ಸರಿ ಇಲ್ಲ," ಎಂದಳು ಅಕ್ಕ, ಗಂಡನ ಕಡೆ ತಿರುಗಿಯೂ ನೋಡದೆ.