ಬಾಗಿಲ ಬಲಗಡೆಯ ಗೀರುಗಳು

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಎಡಗಡೆ ನನ್ನ ಎತ್ತರದ ಗೀರುಗಳಿವೆ, ಬಲಗಡೆ ಅಕ್ಕನವು. ಎಲ್ಲವೂ ಅಮ್ಮ ಹೊಲಿಗೆ ಕತ್ತರಿಯ ಮೊನೆಯಿಂದ ಎಳೆದವು. ಬಲಗಡೆಯ ಕೆಳಗಿನ ಮೂರಕ್ಕೆ ಮಾತ್ರ ಅಕ್ಕ ಬೆನ್ನು ಕೊಟ್ಟು ನಿಂತಿದ್ದಳು. ಅವಳಿಗೆ ಏಳು ತುಂಬಿದ ವರ್ಷ ಅಪ್ಪನ ಅಕ್ಕ, ನಮ್ಮ ಅತ್ತೆ, ಕಾರಿನಲ್ಲಿ ಬಂದು ಕರೆದುಕೊಂಡು ಹೋದರು. ತಮ್ಮ ಮಗಳಿಗೆ ಜೊತೆಯಾಗುತ್ತದೆ, ಇಬ್ಬರೂ ಒಂದೇ ಶಾಲೆಗೆ ಹೋಗುತ್ತಾರೆ ಎಂದರು. ಅಪ್ಪ ನಾಲ್ಕಕ್ಷರ ಕಲಿತದ್ದೇ ಅತ್ತೆಯ ದಯೆಯಿಂದ. ಇಲ್ಲ ಎನ್ನಲು ಅವರಿಗೆ ನಾಲಿಗೆ ಏಳಲಿಲ್ಲ.

ಮಗು ಹೊಂದಿಕೊಳ್ಳಲಿ, ನೋಡಲು ಬರಬೇಡಿ ಎಂದು ಆಮೇಲೆ ಹೇಳಿ ಕಳಿಸಿದರು. ಆದರೆ ವರ್ಷಕ್ಕೊಮ್ಮೆ ಬಟ್ಟೆಯ ಗಂಟು ತಪ್ಪದೆ ಬರುತ್ತಿತ್ತು. ತೊಟ್ಟು ಬಿಟ್ಟ ಫ್ರಾಕುಗಳು, ಸ್ವೆಟರುಗಳು, ನನಗೆಂದು. ಬಟ್ಟೆ ಹೊಲಿದೇ ಬದುಕಿದ ಅಮ್ಮನಿಗೆ ಅಳತೆ ಕಣ್ಣಲ್ಲೇ ಇತ್ತು. ಫ್ರಾಕನ್ನು ಚೌಕಟ್ಟಿಗೆ ಹಿಡಿದು, ಅಂಚನ್ನು ಮೊಣಕಾಲ ಮಟ್ಟಕ್ಕಿಟ್ಟು, ಭುಜದ ಮೇಲೆ ಕತ್ತು, ತಲೆಗೆಂದು ಗೇಣಿನಷ್ಟು ಸೇರಿಸಿ ಗೀರು ಎಳೆಯುತ್ತಿದ್ದಳು. ನಾಲ್ಕು ಬೆರಳು ಬೆಳೆದಿದ್ದಾಳೆ ಎಂದು ಆ ದಿನವಿಡೀ ಹೇಳಿಕೊಳ್ಳುತ್ತಿದ್ದಳು. ಆಮೇಲೆ ನನ್ನ ಸರದಿ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ಫ್ರಾಕು ಇದ್ದಷ್ಟು ಕಾಲು ಬೆಳೆಸು," ಎನ್ನುತ್ತ ಅಂಚು ಮಡಚಿ ಹೊಲಿಯುತ್ತಿದ್ದಳು.

ಗೀರುಗಳು ಏರುತ್ತ ಹೋದಂತೆ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಕೈಯಲ್ಲಿ ತಟ್ಟೆ ಹಿಡಿದು ಬರುವಾಗ ಅಮ್ಮ ಬಲಗಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು, ಎಡಕ್ಕೆ ಸರಿದು ದಾಟುತ್ತಿದ್ದಳು. ನಾನೂ ಹಾಗೇ ಕಲಿತೆ. ಅಮ್ಮ ತೀರಿಕೊಂಡ ಮೇಲೆ ಹುಟ್ಟಿದ ನನ್ನ ಮಗಳು ಗುಬ್ಬಿಯೂ ಹಾಗೇ ನಡೆದಳು. ಯಾಕೆ ಎಂದು ಕೇಳಿದರೆ, "ಅಲ್ಲಿ ದೊಡ್ಡಮ್ಮ ನಿಂತಿದಾರಲ್ಲ," ಎಂದಳು.

ಕಳೆದ ತಿಂಗಳು ಅತ್ತೆಯ ಮಗಳು ಫೋನು ಮಾಡಿದಳು. ಅವಳ ಮಗಳಿಗೆ ಮನೆಯಲ್ಲಿ ಬೇಸರವಂತೆ, ಗುಬ್ಬಿಯನ್ನು ಕಳಿಸಿದರೆ ಒಳ್ಳೆಯ ಶಾಲೆಗೆ ಸೇರಿಸುತ್ತಾಳಂತೆ. ನನ್ನ ಗಂಡ, "ನಿಮ್ಮ ಕಡೆಯವರು, ನೀನೇ ನೋಡು," ಎಂದು ಕೈತೊಳೆದುಕೊಂಡರು. ನಾನು ಬಾಗಿಲು ನೋಡಿದೆ. ಇಲ್ಲೇ ಉಳಿದವಳ ಕೊನೆಯ ಗೀರು ಅಲ್ಲಿ, ಹೋದವಳದ್ದು ಅದಕ್ಕಿಂತ ಒಂದು ಗೇಣು ಮೇಲೆ. ಮಗಳನ್ನು ಗಿಡ್ಡಗೆ ಕತ್ತರಿಸಿಡಲು ನಾನ್ಯಾರು? ಒಪ್ಪಿಕೊಂಡೆ.

ಕರೆದೊಯ್ಯಲು ಅಕ್ಕನೇ ಬಂದಳು, ಮೂವತ್ತು ವರ್ಷಗಳ ನಂತರ, ಅದೇ ಮನೆಯ ಬೇರೆ ಕಾರಿನಲ್ಲಿ. ಕುಡಿಯಲು ನೀರು ಕೊಟ್ಟೆ. ಲೋಟ ಬಾಯಿಗಿಡುವ ಮೊದಲೇ ಅವಳ ಕೈ ತೊಟ್ಟಿಯಲ್ಲಿದ್ದ ಪಾತ್ರೆಗಳಿಗೆ ಹೋಯಿತು. ಬಿಡೇ ಎಂದರೂ ಬಿಡದೆ ಎಲ್ಲವನ್ನೂ ತಿಕ್ಕಿ ಕವಚಿಟ್ಟಳು. ಆಮೇಲೆ ಚೌಕಟ್ಟು ನೋಡಿದಳು.

"ಕೆಳಗಿನ ಮೂರು ನಂದು. ಮೇಲಿನವು ಯಾರದು?"

ನಿನ್ನವೇ, ನಿನ್ನ ಫ್ರಾಕು ಅಳೆದು ಅಮ್ಮ ಎಳೆದದ್ದು ಎಂದೆ. ಅಕ್ಕ ಕೈ ಒರೆಸಿಕೊಂಡು ಬೆನ್ನು ಕೊಟ್ಟು ನಿಂತಳು. ಕೊನೆಯ ಗೀರು ಅವಳ ತಲೆಗಿಂತ ಒಂದೂವರೆ ಗೇಣು ಮೇಲಿತ್ತು. ನನಗಿಂತ ಅವಳೇ ಗಿಡ್ಡ.

"ಅವು ಅಮ್ಮಾವ್ರ ಮಗಳ ಫ್ರಾಕು ಕಣೆ. ಒಗೆದು ಇಸ್ತ್ರಿ ಮಾಡಿ ಗಂಟು ಕಟ್ತಿದ್ದೋಳು ನಾನು."

ಅತ್ತೆಯನ್ನು ಅವಳು ಅಮ್ಮಾವ್ರು ಎಂದಳು. ಶಾಲೆಯ ಮಾತು ಕೇಳಿದೆ. ಅತ್ತೆಯ ಮಗಳ ಚೀಲ ಹಿಡಿದುಕೊಂಡು ಗೇಟಿನ ತನಕ ದಿನಾ ಹೋಗುತ್ತಿದ್ದಳಂತೆ.

ಹೊರಗೆ ಡ್ರೈವರು ಹಾರನ್ನು ಒತ್ತಿದ. ಬ್ಯಾಗು ಹೆಗಲಿಗೇರಿಸಿ ನಿಂತಿದ್ದ ಗುಬ್ಬಿಯ ಮುಂದೆ ಕುಳಿತು ನಾನು ಬೂಟಿನ ದಾರ ಬಿಚ್ಚಿದೆ. ನೀನೂ ಇದ್ದುಬಿಡು ಎಂದು ಅಕ್ಕನಿಗೆ ಹೇಳಿದೆ. ಅಮ್ಮಾವ್ರು ಹಾಸಿಗೆ ಹಿಡಿದಿದ್ದಾರೆ, ಮಗ್ಗುಲು ಬದಲಿಸಲು ಬೇರೆ ಯಾರಿದ್ದಾರೆ ಎಂದಳು.

"ಮತ್ತೆ ಗುಬ್ಬಿ ಯಾಕೆ ಬರಲಿಲ್ಲ ಅಂದ್ರೆ?"

"ಜ್ವರ ಅಂತೀನಿ. ಮೂವತ್ತು ವರ್ಷಕ್ಕೆ ಒಂದು ಸುಳ್ಳು ಹೇಳಿದ್ರೆ ನಾಲಿಗೆ ಏನು ಬಿದ್ದುಹೋಗಲ್ಲ."

ಗುಬ್ಬಿಯ ತಲೆ ಸವರಿ, ಬಾಗಿಲ ಬಲಗಡೆಗೇ ಉಜ್ಜಿಕೊಂಡು ಹೊರಟುಹೋದಳು. ಅವಳಿಗೆ ಅಲ್ಲಿ ಯಾರೂ ಅಡ್ಡವಾಗಲಿಲ್ಲ.

ಮಧ್ಯಾಹ್ನ ತಟ್ಟೆ ಹಿಡಿದು ದಾಟುವಾಗ ನನ್ನ ಕಾಲು ತಾನಾಗಿ ಎಡಕ್ಕೆ ಸರಿಯಿತು. ಹಿಂದೆ ಬಂದ ಗುಬ್ಬಿಯೂ ಸರಿದಳು.

"ಅಮ್ಮಾ, ದೊಡ್ಡಮ್ಮ ಕಾರಲ್ಲಿ ಹೋದ್ರಲ್ಲ. ಮತ್ತೆ ಇಲ್ಲಿ ನಿಂತಿರೋದು ಯಾರು?"

ಅನ್ನ ಆರುತ್ತದೆ, ಉಣ್ಣು ಎಂದೆ.