ಒಲೆಯ ಮೇಲಿನ ನೆಲುವು

ಅಸುಂಡಿಯಲ್ಲಿ ಎಲ್ಲೇ ಬೆಲ್ಲದ ವಾಸನೆ ಬರಲಿ, ಇರುವೆಗಿಂತ ಮೊದಲು ಕರೀಮಸಾಬ ಹಾಜರು ಅಂತ ಜನ ನಗುತ್ತಿದ್ದರು. ಹಾಗಾಗಿ ದಿನಾ ಇನ್ಸುಲಿನ್ ಚುಚ್ಚಿಕೊಂಡರೂ ಅವನ ಸಕ್ಕರೆ ಇಳಿಯದಿದ್ದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಕದ್ದು ತಿನ್ನುತ್ತಾನೆ, ಮತ್ತೇನು! ಹೆಂಡತಿ ರಹಿಮತಬಿ ಬೆಲ್ಲದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. "ಅಲ್ಲಾನ ಆಣಿ, ಮುಟ್ಟಿಲ್ಲ" ಅಂತ ಅವನು ಗೋಗರೆದ. ಮಗಳು ಗುಲ್ನಾಜ ಕೂಡ ನಂಬಲಿಲ್ಲ. ಕಾಲಿನ ಹುಣ್ಣು ಮಾಯಲಿಲ್ಲ, ಬೇಸಿಗೆ ಮುಗಿಯುವುದರೊಳಗೆ ಅವನೇ ಮುಗಿದುಹೋದ. "ಮಾಡಿದ್ದುಣ್ಣೋ ಮಹಾರಾಯ" ಅಂದಿತು ಓಣಿ. ಸತ್ತವನು ಎದ್ದು ಬಂದು ಜಗಳ ಆಡುವುದಿಲ್ಲವಲ್ಲ!

ಇವತ್ತು ಗುಲ್ನಾಜ ಓದುವ ಗದಗಿನ ಕಾಲೇಜಿನಲ್ಲಿ ವಾಣಿಶ್ರೀ ಮೇಡಂ ಪ್ರಯೋಗ ಮಾಡಿಸಿದರು. ಕಾಗದದ ಮೇಲೆ ಎರಡು ಕಡೆ ಇಂಟು ಗುರುತು ಹಾಕಿ, ಪ್ರತಿ ಗುರುತಿನ ಮೇಲೆ ಒಂದು ಗಾಜಿನ ಪಾತ್ರೆ ಇಡಬೇಕು. ಒಂದರಲ್ಲಿ ತಣ್ಣನೆಯ ದ್ರಾವಣ, ಇನ್ನೊಂದರಲ್ಲಿ ಅದನ್ನೇ ಕಾಯಿಸಿದ್ದು. ಎರಡಕ್ಕೂ ಒಂದೇ ಅಳತೆಯ ಆಸಿಡ್ ಸುರಿದದ್ದೇ ತಡ, ಬಿಸಿಯದು ನೋಡನೋಡುತ್ತಲೇ ಮಜ್ಜಿಗೆಯಂತೆ ಕದಡಿ ಗುರುತನ್ನು ನುಂಗಿಬಿಟ್ಟಿತು. ತಣ್ಣನೆಯದರ ಅಡಿಯಲ್ಲಿ ಗುರುತು ಇನ್ನೂ ಕಾಣುತ್ತಿತ್ತು.

"ಕಾವು ಏರಿದಷ್ಟೂ ಕ್ರಿಯಾ ಜಲ್ದಿ ಆಗ್ತೈತಿ. ಔಷಧ ಕೆಡೂದೂ ಹಂಗ. ಇನ್ಸುಲಿನ್ ಫ್ರಿಜ್ಜಿನಾಗ ಯಾಕ ಇಡ್ತಾರ, ಹೇಳ್ರಿ?" ಅಂದರು ಮೇಡಂ.

ಗುಲ್ನಾಜಳಿಗೆ ಮನೆ ನೆನಪಾಯಿತು. ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಜೋಪಾನ ಮಾಡಬೇಕಾದದ್ದೆಲ್ಲ ಒಲೆಯ ಮೇಲೆ ತೂಗುವ ನೆಲುವಿಗೆ ಹೋಗುತ್ತದೆ. ಬಿತ್ತನೆ ಬೀಜ ಅಲ್ಲೇ, ಹೊಗೆ ತಾಗಿದರೆ ಹುಳ ಹಿಡಿಯುವುದಿಲ್ಲ ಅಂತ. ಇನ್ಸುಲಿನ್ ಬಾಟಲಿಯನ್ನೂ ಅಮ್ಮ ಅರಿವೆಯಲ್ಲಿ ಸುತ್ತಿ ಅಲ್ಲೇ ಇಡುತ್ತಿದ್ದಳು. ಕೆಳಗೆ ಎರಡು ಹೊತ್ತೂ ರೊಟ್ಟಿಯ ಬೆಂಕಿ. ಅವಳ ಅಬ್ಬಾ ಸುಳ್ಳು ಹೇಳಿರಲಿಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಮುಖ ಮುಚ್ಚಿಕೊಂಡು ಅತ್ತಳು.

ಮನೆಯಲ್ಲಿ ರಹಿಮತಬಿ ಬೆಲ್ಲ ಕುಟ್ಟುತ್ತಿದ್ದಳು. ನಾಳೆ ಗಂಡ ತೀರಿದ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ, ಸಿಹಿ ಆಗಬೇಕು.

"ಇನ್ನ ತಿನ್ನಾಕ ಹೇಳು ನಿಮ್ಮಬ್ಬಾಗ. ಸುಳ್ಳ ಆಣಿ ಮಾಡೂ ಗರಜಿಲ್ಲ," ಅಂದಳು. ಆ ಸಿಟ್ಟೊಂದೇ ಅವಳನ್ನು ಇಷ್ಟು ದಿನ ಕುಸಿಯದಂತೆ ನಿಲ್ಲಿಸಿತ್ತು.

"ಅಬ್ಬಾ ತಿಂದಿರಲಿಲ್ಲಮ್ಮಾ. ಔಷಧಾನ ಕೆಟ್ಟಿತ್ತು."

ಕುಟ್ಟುವ ಕೈ ನಿಂತಿತು. "ಕೆಟ್ಟಿತ್ತಾ? ಎಲ್ಲಿ ಕೆಡ್ತು?"

ಗುಲ್ನಾಜ ತಲೆ ಎತ್ತಿ ಮೇಲೆ ನೋಡಲಿಲ್ಲ. "ಅಂಗಡ್ಯಾಗನ," ಅಂದಳು.

ರಹಿಮತಬಿ ಗಂಡ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. "ಖರೇನ ಹೇಳಿದ್ದಲ್ಲೋ ಮಾರಾಯಾ, ನಾನ ನಂಬಲಿಲ್ಲಲ್ಲೋ!" ಬಹಳ ಹೊತ್ತಿನ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನೆಲುವಿನ ಕಡೆ ನೋಡಿದಳು.

"ನಾ ಮಾತ್ರ ಬೀಜ ಇಟ್ಟಂಗ ಜ್ವಾಕಿಲೆ ಇಟ್ಟಿದ್ದೆ. ಹೌದಿಲ್ಲೋ?"

"ಹೌದಮ್ಮಾ," ಅಂದಳು ಗುಲ್ನಾಜ. "ಬೀಜ ಇಟ್ಟಂಗನ ಇಟ್ಟಿದ್ದಿ."